ತ್ಸೆತ್ಸೆ ನೊಣ: ಬೇಟೆಯ ಬಂದೂಕಿನಿಂದ ದನದ ಕಾಲಿನವರೆಗೆ

ತ್ಸೆತ್ಸೆ ಎಂಬ ಆಫ್ರಿಕದ ರಕ್ತ ಹೀರುವ ನೊಣ ದನಗಳಿಗೆ ಹರಡುವ ರೋಗವನ್ನು ದಕ್ಷಿಣ ಆಫ್ರಿಕದ ಜುಲು ದನಗಾಹಿಗಳು ‘ನಗಾನ’ ಎಂದರು. ಕುಗ್ಗಿಹೋಗುವುದು ಎಂಬ ಅರ್ಥ. ಹೆಸರು ಸರಿಯಾಗೇ ಇದೆ. ಜ್ವರ ಬರುತ್ತದೆ, ಬಿಡುತ್ತದೆ, ಮತ್ತೆ ಬರುತ್ತದೆ. ರಕ್ತ ಕಡಿಮೆಯಾಗುತ್ತ ಹೋಗುತ್ತದೆ, ಗಬ್ಬದ ಹಸು ಕಂದು ಹಾಕುತ್ತದೆ, ಮುಂದೆ ಮೇವಿದ್ದರೂ ದನ ಎಲುಬಿನ ಗೂಡಾಗುತ್ತದೆ.

ಕಾರಣ ಹುಡುಕಿದ್ದು ಸೇನಾ ವೈದ್ಯ ಡೇವಿಡ್ ಬ್ರೂಸ್. 1894-95ರಲ್ಲಿ ಜುಲುಲ್ಯಾಂಡಿನ ಉಬೊಂಬೊದಲ್ಲಿ ರೋಗಿ ದನಗಳ ರಕ್ತದಲ್ಲಿ ಟ್ರಿಪನೊಸೋಮ ಎಂಬ ಏಕಕೋಶಿ ಪರೋಪಜೀವಿಯನ್ನು ಕಂಡು, ಅದನ್ನು ಹೊತ್ತು ತರುವುದು ತ್ಸೆತ್ಸೆ ನೊಣವೆಂದು ತೋರಿಸಿದ. ಕಾಡುಪ್ರಾಣಿಗಳ ರಕ್ತದಲ್ಲೂ ಅದಿದೆ, ಆದರೆ ಅವು ಕಾಯಿಲೆ ಬೀಳುವುದಿಲ್ಲ ಎಂಬುದನ್ನೂ ಗಮನಿಸಿದ. ಈ ಎರಡನೆಯ ಮಾತೇ ಮುಂದೆ ಅನಾಹುತಕ್ಕೆ ದಾರಿಯಾಯಿತು. ರೋಗದ ಮೂಲ ಕಾಡುಪ್ರಾಣಿಯಾದರೆ ಅದನ್ನೇ ಕೊಲ್ಲೋಣ ಎಂದು ಆಡಳಿತಗಾರರು ಲೆಕ್ಕ ಹಾಕಿದರು. ಜುಲುಲ್ಯಾಂಡೊಂದರಲ್ಲೇ 1942ರಿಂದ 1950ರೊಳಗೆ ಸುಮಾರು 1.38 ಲಕ್ಷ ಪ್ರಾಣಿಗಳನ್ನು ಗುಂಡಿಟ್ಟು ಕೊಂದರು. ನೊಣ ಹೋಗಲಿಲ್ಲ. ಅದು ಹೆಚ್ಚಾಗಿ ರಕ್ತ ಹೀರುವುದು ಕಾಡುಹಂದಿ, ಕಾಡೆಮ್ಮೆ, ಕೆಲವು ಜಾತಿಯ ಜಿಂಕೆಗಳಿಂದ. ಸತ್ತ ಪ್ರಾಣಿಗಳಲ್ಲಿ ಎಷ್ಟೋ ನೊಣಕ್ಕೆ ಬೇಡವಾದವು.

ನೊಣ ಹೋದದ್ದು ವಿಮಾನದಿಂದ ಡಿಡಿಟಿ ಸಿಂಪಡಿಸಿದ ಮೇಲೆ. 1950ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿನ ಮುಖ್ಯ ಜಾತಿಯೊಂದು ಅಳಿಯಿತು. ಆದರೆ ನೊಣ ಹಿಡಿಯಲು ಆಗ ಇಡುತ್ತಿದ್ದ ಬಲೆಗಳಿಗೆ ಅಷ್ಟಾಗಿ ಬೀಳದ ಇನ್ನೆರಡು ಜಾತಿಗಳು ಪೊದೆಗಳಲ್ಲಿ ಉಳಿದಿದ್ದವು. 1990ರಲ್ಲಿ ಅದೇ ಸೀಮೆಯಲ್ಲಿ ನಗಾನ ಮತ್ತೆ ಎದ್ದಿತು. ಬಲೆಗೆ ಬೀಳದ್ದನ್ನು ಇಲ್ಲವೆಂದು ಬರೆದುಕೊಂಡರೆ ಹೀಗಾಗುತ್ತದೆ.

ಈ ನೊಣದ ದೌರ್ಬಲ್ಯ ಅದರ ಬಸಿರಿನಲ್ಲಿದೆ. ಮನೆನೊಣದ ಹಾಗೆ ಇದು ನೂರಾರು ಮೊಟ್ಟೆ ಇಡುವುದಿಲ್ಲ. ಒಂದು ಸಲಕ್ಕೆ ಒಂದೇ ಮರಿಹುಳು. ಅದನ್ನು ಹೊಟ್ಟೆಯೊಳಗೇ ಹಾಲಿನಂಥ ದ್ರವ ಉಣಿಸಿ ಬೆಳೆಸಿ, 9-10 ದಿನಕ್ಕೊಮ್ಮೆ ನೆರಳಿನ ಸಡಿಲ ಮಣ್ಣಿನ ಮೇಲೆ ಹೆರುತ್ತದೆ. ಹುಳು ಮಣ್ಣೊಳಗೆ ಇಳಿದು ಗೂಡುಗಟ್ಟಿ, 25 ಡಿಗ್ರಿ ಶಾಖದಲ್ಲಿ ಸುಮಾರು 30 ದಿನಕ್ಕೆ ನೊಣವಾಗಿ ಹೊರಬರುತ್ತದೆ. ಚಳಿಯಲ್ಲಿ ಇನ್ನೂ ತಡ. ಇಷ್ಟು ನಿಧಾನವಾದ ಸಂತಾನ ಇರುವುದರಿಂದ, ಸಹಜ ಸಾವಿನ ಜೊತೆಗೆ ದಿನಕ್ಕೆ ಹೆಣ್ಣುಗಳಲ್ಲಿ ಶೇ. 4ರಷ್ಟನ್ನು ಬಿಡದೆ ಕೊಲ್ಲುತ್ತ ಹೋದರೆ ಇಡೀ ಸಂತತಿ ಕುಸಿಯುತ್ತದೆ. ‘ಬಿಡದೆ’ ಎಂಬಲ್ಲೇ ಕಷ್ಟವೆಲ್ಲ.

ಬೋಟ್ಸ್ವಾನದ ಒಕವಾಂಗೊದಲ್ಲಿ 2001 ಮತ್ತು 2002ರಲ್ಲಿ ಸುಮಾರು 16,000 ಚದರ ಕಿ.ಮೀ. ಪ್ರದೇಶವನ್ನು ಎರಡು ಭಾಗ ಮಾಡಿ ವಿಮಾನದಿಂದ ಡೆಲ್ಟಾಮೆಥ್ರಿನ್ ಎಂಬ ಕೀಟನಾಶಕ ಸಿಂಪಡಿಸಿದರು. ಹೆಕ್ಟೇರಿಗೆ ಕಾಲು ಗ್ರಾಮಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಹಾರಾಟ ಚಳಿಗಾಲದ ರಾತ್ರಿಯಲ್ಲಿ: ಆಗ ನೆಲದ ಬಳಿ ತಂಪು ಗಾಳಿ, ಮೇಲೆ ಬೆಚ್ಚನೆಯದು ಇರುವುದರಿಂದ ಮಂಜಿನಂಥ ಹನಿಗಳು ಮೇಲೇರದೆ ಪೊದೆಗಳ ನಡುವೆ ತೇಲುತ್ತವೆ. ಮಣ್ಣೊಳಗಿನ ಗೂಡಿಗೆ ಔಷಧ ತಗಲುವುದಿಲ್ಲ. ಅದಕ್ಕೇ ಐದು ಸುತ್ತು. ಹೊಸದಾಗಿ ಹೊರಬಂದ ಹೆಣ್ಣು ಮೊದಲ ಹುಳು ಹೆರಲು 16 ದಿನವಾದರೂ ಬೇಕು. ಅಷ್ಟರೊಳಗೆ ಮುಂದಿನ ಸುತ್ತು ಮುಗಿಯಬೇಕು. ಒಂದು ಸುತ್ತು ನಾಲ್ಕು ದಿನ ತಡವಾದರೆ ಹೊಸ ಹುಳುಗಳು ಮಣ್ಣು ಸೇರಿ, ಸುರಿದ ದುಡ್ಡೂ ಮಣ್ಣು ಸೇರುತ್ತದೆ. ಹಿಂದಿನ ಸಿಂಪಡಣೆಗಳಲ್ಲಿ ಪಟ್ಟಿಗಳ ನಡುವೆ ಉಳಿಯುತ್ತಿದ್ದ ಸಂದುಗಳನ್ನು ಇಲ್ಲಿ ಜಿಪಿಎಸ್ ಮುಚ್ಚಿತು.

ವಿಮಾನ ಎಲ್ಲರ ಕೈಗೆಟುಕುವುದಲ್ಲ. ನೊಣವನ್ನು ಸೆಳೆದು ಕೊಲ್ಲುವ ದಾರಿಯೂ ಇದೆ. ಜಿಂಬಾಬ್ವೆಯ ಜಾಂಬೆಜಿ ಕಣಿವೆಯಲ್ಲಿ ಗ್ಲಿನ್ ವೇಲ್ ಮತ್ತು ಸಂಗಡಿಗರು ಎತ್ತುಗಳನ್ನು ನೆಲದಡಿಯ ಗುಂಡಿಯಲ್ಲಿ ನಿಲ್ಲಿಸಿ, ವಾಸನೆಯನ್ನಷ್ಟೇ ಕೊಳವೆಯಿಂದ ಹೊರಬಿಟ್ಟು ನೋಡಿದರು. ದನ ಕಾಣದಿದ್ದರೂ ನೊಣ ಬಂತು. ಉಸಿರಿನಲ್ಲಿರುವ ಅಸಿಟೋನ್, ಆಕ್ಟೆನಾಲ್, ಗಂಜಲದ ಫೀನಾಲ್‌ಗಳು ಅದನ್ನು ಸೆಳೆಯುತ್ತವೆ ಎಂಬುದು ಹೀಗೆ ಹಂತಹಂತವಾಗಿ ತಿಳಿಯಿತು. ಕೆನ್ಯಾದ ಎನ್‌ಗುರುಮಾನ್‌ನಲ್ಲಿ ಮಸಾಯಿ ದನಗಾಹಿಗಳ ಬಲೆಗಳಿಗೆ ಅಸಿಟೋನಿನ ಜೊತೆ ಹಸುವಿನ ಗಂಜಲವನ್ನೇ ಇಟ್ಟರು. ಬಣ್ಣಕ್ಕೂ ಕೆಲಸವಿದೆ: ನೀಲಿ ಕರೆಯುತ್ತದೆ, ಕಪ್ಪು ಕೂರಿಸುತ್ತದೆ. ಕೀಟನಾಶಕದಲ್ಲಿ ಅದ್ದಿದ ಇಂಥ ಬಟ್ಟೆಯ ಪರದೆಗಳು ಬಯಲುಸೀಮೆಯ ಜಾತಿಗಳಿಗೆ ಚದರ ಕಿ.ಮೀ.ಗೆ ನಾಲ್ಕು ಸಾಕು. ಆದರೆ ಬಿಸಿಲಿಗೆ ಬಣ್ಣ ಮಾಸುತ್ತದೆ, ಔಷಧ ಇಳಿಯುತ್ತದೆ, ಹುಲ್ಲು ಬೆಳೆದು ಪರದೆ ಮುಚ್ಚಿಹೋಗುತ್ತದೆ. ಒಳ್ಳೆಯ ಬಟ್ಟೆಯಾದರೆ ಯಾರಾದರೂ ಹೊಲಿಸಿಕೊಳ್ಳಲು ಒಯ್ಯುವುದೂ ಉಂಟು.

ಹಾಗಾದರೆ ನಡೆದಾಡುವ ಪರದೆಯನ್ನೇ ಬಳಸಬಾರದೇಕೆ? ದನದ ಮೈಗೇ ಪೈರೆಥ್ರಾಯ್ಡ್ ಕೀಟನಾಶಕ ಹಚ್ಚಿದರೆ ಕಚ್ಚಲು ಕೂತ ನೊಣ ಸಾಯುತ್ತದೆ. ನೊಣಗಳಲ್ಲಿ ಬಹುಪಾಲು ಕೂರುವುದು ಕಾಲಿನ ಮೇಲೆ, ಅದೂ ದೊಡ್ಡ ದನಗಳ ಕಾಲಿನ ಮೇಲೆ. ಇದು ಗೊತ್ತಾದ ಮೇಲೆ ದೊಡ್ಡ ದನಗಳ ಕಾಲು, ಹೊಟ್ಟೆಗಳಿಗೆ ಮಾತ್ರ ಸಿಂಪಡಿಸುವ ಕ್ರಮ ಬಂತು; ಔಷಧ ಐದರಲ್ಲೊಂದು ಪಾಲಿಗೆ ಇಳಿಯಿತು. ಕರುಗಳನ್ನು ಬಿಡುವುದು ಜಿಪುಣತನವಲ್ಲ. ಈ ಔಷಧ ಉಣ್ಣಿಯನ್ನೂ ಕೊಲ್ಲುತ್ತದೆ; ಎಳೆವಯಸ್ಸಿನಲ್ಲಿ ಉಣ್ಣಿ ಕಚ್ಚಿಸಿಕೊಂಡ ಕರುವಿಗೇ ಉಣ್ಣಿಜ್ವರಗಳ ವಿರುದ್ಧ ಶಕ್ತಿ ಬರುತ್ತದೆ. ದಿನವೂ ಹೊಳೆ ದಾಟುವ ದನಗಳಲ್ಲಿ ಮಾತ್ರ ಈ ಲೇಪ ಬೇಗ ತೊಳೆದುಹೋಗುತ್ತದೆ, ದನ ಮೇಯದ ಅಭಯಾರಣ್ಯದೊಳಗಿನ ನೊಣಕ್ಕೆ ಇದು ತಟ್ಟುವುದೇ ಇಲ್ಲ.

ಪರೋಪಜೀವಿ ತನ್ನ ಮೇಲ್ಹೊದಿಕೆಯ ಪ್ರೋಟೀನನ್ನು ಬದಲಿಸುತ್ತಲೇ ಇರುವುದರಿಂದ ಲಸಿಕೆ ಇಲ್ಲ. ಹೀಗಾಗಿ ಹೆಚ್ಚಿನ ರೈತರ ಕೈಯಲ್ಲಿರುವುದು 1950-60ರ ದಶಕಗಳ ಔಷಧಗಳೇ: ವಾಸಿ ಮಾಡಲು ಡಿಮಿನಜೀನ್, ರೋಗ ತಗಲದಂತೆ ಎರಡು-ನಾಲ್ಕು ತಿಂಗಳು ಕಾಪಾಡಲು ಐಸೊಮೆಟಮಿಡಿಯಮ್. ಡಿಮಿನಜೀನ್ ಕಿಲೋ ತೂಕಕ್ಕೆ 3.5 ಮಿ.ಗ್ರಾಂ. ಎಂದರೆ 1.05 ಗ್ರಾಂ ಔಷಧವಿರುವ ಪೊಟ್ಟಣ 300 ಕಿಲೋ ದನ ಒಂದಕ್ಕೆ. ಅದನ್ನೇ 250 ಕಿಲೋದ ಎರಡಕ್ಕೆ ಹಂಚಿದರೆ ತಲಾ ಸಿಕ್ಕುವುದು ಕಿಲೋಗೆ 2.1 ಮಿ.ಗ್ರಾಂ. ಜ್ವರ ಇಳಿಯುತ್ತದೆ, ಗಟ್ಟಿ ಪರೋಪಜೀವಿಗಳು ಉಳಿಯುತ್ತವೆ. ಆಫ್ರಿಕದ ಹಲವು ದೇಶಗಳಲ್ಲಿ ಔಷಧ ನಿರೋಧ ಬೆಳೆಯಲು ಹೀಗೆ ಪಾಲು ಮಾಡುವುದೂ ಒಂದು ಕಾರಣ. ಎದೆಸುತ್ತಳತೆಯ ಟೇಪಿನಿಂದ ತೂಕ ನೋಡುವುದು ಇದಕ್ಕೇ.

ಭಾರತದಲ್ಲಿ ತ್ಸೆತ್ಸೆ ಇಲ್ಲ. ಆದರೆ ಸಸ್ತನಿಗಳಲ್ಲಿ ರೋಗ ತರುವ ಟ್ರಿಪನೊಸೋಮ ಮೊದಲು ಕಂಡದ್ದು ಬ್ರೂಸ್‌ಗಿಂತ ಮುಂಚೆ, 1880ರಲ್ಲಿ, ಅಂದಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನಿನಲ್ಲಿ. ಕಂಡವರು ಗ್ರಿಫಿತ್ ಇವಾನ್ಸ್. ಅದು ಸರ್ರಾ. ನಮ್ಮಲ್ಲಿ ಮಳೆಗಾಲದಲ್ಲಿ ಕುದುರೆ ನೊಣಗಳು ಒಂದು ದನದ ರಕ್ತವನ್ನು ಬಾಯಲ್ಲಿ ಮೆತ್ತಿಕೊಂಡು ಇನ್ನೊಂದಕ್ಕೆ ಕಚ್ಚಿ ದಾಟಿಸುವ ರೋಗ. ಈ ನೊಣ ನೂರಾರು ಮೊಟ್ಟೆ ಇಡುವುದರಿಂದ ಶೇ. 4ರ ಲೆಕ್ಕ ಇಲ್ಲಿ ನಡೆಯದು. ಔಷಧಗಳಲ್ಲಿ ಮಾತ್ರ ಡಿಮಿನಜೀನ್ ಇಲ್ಲೂ ಇದೆ, ತೂಕ ನೋಡಿ ಕೊಡಬೇಕೆಂಬ ಮಾತೂ ಅದೇ.