ಲಾಭ ಶೇ 46 ಏರಿದರೆ ವ್ಯವಹಾರವೂ ಅಷ್ಟೇ ಬೆಳೆದಂತೆಯೇ?

ಪ್ರಶ್ನೆ: ಅಡಿಕೆ ಮಾರಿದ ಹಣದಲ್ಲಿ ಸ್ವಲ್ಪವನ್ನು ವಿದೇಶಿ ಷೇರುಗಳಲ್ಲಿ ತೊಡಗಿಸುವ ಯೋಚನೆಯಿದೆ. ಗೂಗಲ್‌ನ ಮಾತೃಸಂಸ್ಥೆ ಆಲ್ಫಾಬೆಟ್‌ನ ಲಾಭ 2025ರ ಮೊದಲ ತ್ರೈಮಾಸಿಕದಲ್ಲಿ ಶೇ 46ರಷ್ಟು ಏರಿತೆಂದು ಓದಿದೆ. ವ್ಯವಹಾರವೂ ಅಷ್ಟೇ ಬೆಳೆದಿದೆಯೆಂದು ತಿಳಿಯಬಹುದೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಹಾಗೆ ತಿಳಿಯುವಂತಿಲ್ಲ. ಆ ಮೂರು ತಿಂಗಳಲ್ಲಿ ಕಂಪನಿಯ ವರಮಾನ ಏರಿದ್ದು ಶೇ 12ರಷ್ಟು. ಖರ್ಚು ಕಳೆದು ವ್ಯವಹಾರದಿಂದಲೇ ಉಳಿದ ಕಾರ್ಯಾಚರಣಾ ಲಾಭ ಶೇ 20ರಷ್ಟು ಏರಿ ಸುಮಾರು 3,060 ಕೋಟಿ ಡಾಲರ್ ಆಯಿತು. ನಿವ್ವಳ ಲಾಭವಾದರೋ ಸುಮಾರು 3,450 ಕೋಟಿ ಡಾಲರ್. ತೆರಿಗೆ ಕಟ್ಟಿದ ಮೇಲಿನ ಮೊತ್ತವು ಕಟ್ಟುವ ಮೊದಲಿನ ವ್ಯವಹಾರದ ಲಾಭಕ್ಕಿಂತ ದೊಡ್ಡದಾಗಿದೆಯೆಂದರೆ, ನಡುವೆ ಬೇರೆಲ್ಲಿಂದಲೋ ಏನೋ ಸೇರಿರಲೇಬೇಕು.

ಸೇರಿದ್ದರಲ್ಲಿ ದೊಡ್ಡ ಪಾಲು ಸುಮಾರು 800 ಕೋಟಿ ಡಾಲರ್: ಷೇರುಪೇಟೆಯಲ್ಲಿಲ್ಲದ ಒಂದು ಕಂಪನಿಯಲ್ಲಿ ಆಲ್ಫಾಬೆಟ್ ಹೊಂದಿರುವ ಪಾಲಿನ ಮೌಲ್ಯ ಹೆಚ್ಚಿದ್ದರಿಂದ ಲೆಕ್ಕದಲ್ಲಿ ಕಾಣಿಸಿಕೊಂಡ, ಇನ್ನೂ ಮಾರಿ ಕೈಗೆ ಬಾರದ ಲಾಭ. ಕುಂಬಳೆಯಲ್ಲಿ ಹೆದ್ದಾರಿ ಬದಿಯ ನಿಮ್ಮ ಹತ್ತು ಸೆಂಟ್ಸ್ ಜಾಗಕ್ಕೆ ಬೆಲೆ ಏರಿತೆಂದು, ಏರಿದಷ್ಟನ್ನು ಈ ವರ್ಷದ ಅಡಿಕೆ ಹುಟ್ಟುವಳಿಯೊಂದಿಗೆ ಕೂಡಿಸಿ ಬರೆದರೆ ಹೇಗೋ ಹಾಗೆ. ಅಮೆರಿಕದ ಲೆಕ್ಕಪತ್ರ ನಿಯಮವೇ ಹಾಗೆ ಬರೆಯಬೇಕೆನ್ನುತ್ತದೆ, ಆದ್ದರಿಂದ ಇದು ಕಳ್ಳಲೆಕ್ಕವಲ್ಲ. ಆದರೆ ಜಾಗದ ದರ ಏರಿದ್ದರಿಂದ ತೋಟದಲ್ಲಿ ಒಂದು ಗೊನೆಯೂ ಹೆಚ್ಚು ಬಿಡುವುದಿಲ್ಲ, ಮುಂದಿನ ತ್ರೈಮಾಸಿಕದಲ್ಲಿ ಅದೇ ದರ ಇಳಿಯಲೂಬಹುದು.

ಪ್ರತಿ ಷೇರಿನ ಗಳಿಕೆ ಶೇ 49ರಷ್ಟು ಏರಿತ್ತು. ಕಂಪನಿ ತನ್ನದೇ ಷೇರುಗಳನ್ನು ಮರಳಿ ಕೊಳ್ಳುತ್ತಿರುವುದರಿಂದ ಪಾಲುದಾರರ ಷೇರುಗಳ ಸಂಖ್ಯೆ ಕಡಿಮೆಯಾಗಿದ್ದೇ ಶೇ 46 ಮತ್ತು ಶೇ 49ರ ನಡುವಿನ ವ್ಯತ್ಯಾಸಕ್ಕೆ ಕಾರಣ.

ಈ ಶೇಕಡಾ ಏರಿಕೆಗಳೆಲ್ಲ ಹಿಂದಿನ ವರ್ಷದ ಅದೇ ತ್ರೈಮಾಸಿಕಕ್ಕೆ ಹೋಲಿಸಿದವು; ಹೋಲಿಕೆಯನ್ನು ಹಾಗೆಯೇ ಮಾಡಬೇಕು. ಹಬ್ಬದ ಜಾಹೀರಾತುಗಳ ಕಾಲವಾದ 2024ರ ಕೊನೆಯ ಮೂರು ತಿಂಗಳಲ್ಲಿ ವರಮಾನ ಸುಮಾರು 9,650 ಕೋಟಿ ಡಾಲರ್ ಇದ್ದು, ನೀವು ಕೇಳಿದ ತ್ರೈಮಾಸಿಕದಲ್ಲಿ ಅದು ಸುಮಾರು 9,020 ಕೋಟಿಗೆ ಇಳಿದಿತ್ತು. ಕೊಯ್ಲಿನ ತಿಂಗಳಿನ ಎದುರು ಆಟಿ ತಿಂಗಳನ್ನಿಟ್ಟು ತೋಟ ಸೊರಗಿತೆನ್ನುವವರು ನಮ್ಮಲ್ಲಿ ಯಾರೂ ಇಲ್ಲವಷ್ಟೆ.

ನನ್ನ ಮಟ್ಟಿಗೆ ಶೇ 46ಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಅದೇ ವರದಿಯ ಇನ್ನೊಂದು ಅಂಕಿ. ಬಂಡವಾಳ ವೆಚ್ಚ, ಅಂದರೆ ಸರ್ವರ್, ಕಟ್ಟಡಗಳಂತಹ ಬಹುಕಾಲ ಬಾಳುವ ಆಸ್ತಿಗಳಿಗೆ ಮಾಡುವ ಖರ್ಚು, ಹಿಂದಿನ ವರ್ಷದ ಅದೇ ತ್ರೈಮಾಸಿಕದ ಸುಮಾರು 1,200 ಕೋಟಿಯಿಂದ 1,720 ಕೋಟಿ ಡಾಲರ್‌ಗೆ ಏರಿತ್ತು. ಸರ್ವರ್‌ಗಳಿಗೆ ಆರು ವರ್ಷದ ಆಯುಷ್ಯವೆಂದು ಕಂಪನಿ ಲೆಕ್ಕ ಹಿಡಿಯುವುದರಿಂದ, ಆಗ ಖರ್ಚು ಮಾಡಿದ ಹಣದ ಬಹುಪಾಲು ಸವಕಳಿಯ (ಆಸ್ತಿಯ ಬೆಲೆಯನ್ನು ಅದರ ಆಯುಷ್ಯದ ವರ್ಷಗಳಿಗೆ ಹಂಚಿ ಬರೆಯುವ ಖರ್ಚಿನ) ರೂಪದಲ್ಲಿ ಮುಂದಿನ ವರ್ಷಗಳ ಲಾಭದಿಂದ ಕಳೆಯುತ್ತ ಹೋಗುತ್ತದೆ.