ಕಾರಿನ ಕೂಲರ್ ಡಬ್ಬಿಯಲ್ಲಿ ನೀರು ಯಾಕೆ ತಣ್ಣಗಾಗಲಿಲ್ಲ?

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಕಾರಿನಲ್ಲಿ ಇಡುವ 20 ಲೀಟರಿನ ಕೂಲರ್ ಡಬ್ಬಿ ತಗೊಂಡೆವು. ಏಪ್ರಿಲ್‌ನಲ್ಲಿ ಬಾದಾಮಿಗೆ ಹೋಗುವಾಗ ಆರು ನೀರಿನ ಬಾಟಲಿ, ಒಂದು ಡಬ್ಬಿ ಮೊಸರು ಅದರೊಳಗೆ ಹಾಕಿ ಡಿಕ್ಕಿಯಲ್ಲಿ ಇಟ್ಟಿದ್ದೆವು. ಮುಂದಿನ ಸಾಕೆಟ್‌ನಿಂದ ಉದ್ದ ವಯರ್ ಎಳೆದಿದ್ದೆವು. ದಾರಿಯುದ್ದಕ್ಕೂ ಫ್ಯಾನ್ ತಿರುಗುತ್ತಲೇ ಇತ್ತು. ಆದರೆ ಮಧ್ಯಾಹ್ನ ತೆಗೆದರೆ ನೀರು ಉಗುರುಬೆಚ್ಚಗೆ, ಮೊಸರು ಹುಳಿ. ನಮ್ಮ ಮನೆಯವರು 'ರೊಕ್ಕ ಹೊಳ್ಯಾಗ ಹುಣಸಿಹಣ್ಣು ತೊಳದಂಗಾತು' ಅನ್ನುತ್ತಾರೆ. ಡಬ್ಬಿ ಕೆಟ್ಟಿದೆಯೇನ್ರಿ? ವಾಪಸ್ ಕೊಡಬೇಕಾ?

ಉತ್ತರ: ಡಬ್ಬಿ ಕೆಟ್ಟಿರುವ ಸಾಧ್ಯತೆ ಕಡಿಮೆ. ಅದರ ಕೈಲಾಗದ ಕೆಲಸವನ್ನು ಅದಕ್ಕೆ ಒಪ್ಪಿಸಿದ್ದೀರಿ, ಅಷ್ಟೇ. ಮೊದಲೇ ತಣ್ಣಗಿರುವುದನ್ನು ಹೆಚ್ಚು ಬಿಸಿಯಾಗದಂತೆ ನೋಡಿಕೊಳ್ಳುವ ಡಬ್ಬಿ ಇದು. ಬೆಚ್ಚಗಿನ ನೀರನ್ನು ಎರಡು ಗಂಟೆಯಲ್ಲಿ ಕುಳಿರು ಮಾಡಿಕೊಡುವ ಫ್ರಿಜ್ ಅಲ್ಲ. ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ 'ಮಿನಿ ಫ್ರಿಜ್' ಅಂತ ಬರೆದಿದ್ದರೆ ಯಾರಾದರೂ ಫ್ರಿಜ್ ಅಂತಲೇ ನಂಬುತ್ತಾರೆ, ಅಲ್ವಾ? ಅದೇ ರಟ್ಟಿನ ಇನ್ನೊಂದು ಬದಿಯಲ್ಲಿ, ಕನ್ನಡಕ ಹಾಕಿಕೊಂಡರೆ ಮಾತ್ರ ಕಾಣುವ ಅಕ್ಷರದಲ್ಲಿ, 'ಹೊರಗಿನ ಉಷ್ಣಾಂಶಕ್ಕಿಂತ 15ರಿಂದ 20 ಡಿಗ್ರಿ ಕಡಿಮೆ' ಎಂಬರ್ಥದ ಒಂದು ಸಾಲು ಇರುತ್ತದೆ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಆ ಸಾಲಿನಲ್ಲೇ ಇದೆ.

ಮನೆಯ ಫ್ರಿಜ್‌ನಲ್ಲಿ ಕಂಪ್ರೆಸರ್ ಇರುತ್ತದೆ, ಗ್ಯಾಸ್ ಇರುತ್ತದೆ. ಕಡಿಮೆ ಬೆಲೆಯ ಕಾರಿನ ಡಬ್ಬಿಯಲ್ಲಿ ಎರಡೂ ಇರುವುದಿಲ್ಲ. ಅದರ ಗೋಡೆಯಲ್ಲೋ ಮುಚ್ಚಳದಲ್ಲೋ ಒಂದು ಚೌಕಾಕಾರದ ಬಿಲ್ಲೆ ಕೂತಿರುತ್ತದೆ. ಸಾಮಾನ್ಯವಾಗಿ 4 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, ದಪ್ಪ ಸುಮಾರು 4 ಮಿಲಿಮೀಟರ್. ಗ್ಲುಕೋಸ್ ಬಿಸ್ಕತ್ತಿಗಿಂತ ಚಿಕ್ಕದು. ಅದಕ್ಕೆ ಕರೆಂಟ್ ಕೊಟ್ಟರೆ ಒಂದು ಮುಖ ತಣ್ಣಗಾಗುತ್ತದೆ, ಇನ್ನೊಂದು ಮುಖ ಬಿಸಿಯಾಗುತ್ತದೆ. 1834ರಲ್ಲಿ ಪೆಲ್ಟಿಯೇ ಎಂಬ ಫ್ರೆಂಚ್ ವಿಜ್ಞಾನಿ ಇದನ್ನು ಕಂಡುಹಿಡಿದ. ಆತ ಮೊದಲು ಗಡಿಯಾರದ ಕೆಲಸದವ, ವಿಜ್ಞಾನದ ಹುಚ್ಚು ಹಿಡಿದದ್ದು ಆಮೇಲೆ. ತಣ್ಣನೆಯ ಮುಖ ಡಬ್ಬಿಯ ಒಳಗಿನ ಅಲ್ಯೂಮಿನಿಯಂ ತಗಡಿಗೆ ಅಂಟಿರುತ್ತದೆ. ಬಿಸಿ ಮುಖದ ಶಾಖವನ್ನು ಫ್ಯಾನ್ ಹೊರಗೆ ಊದುತ್ತದೆ. ಕರೆಂಟಿನ ದಿಕ್ಕು ಬದಲಾಯಿಸಿದರೆ ತಂಪು ಮತ್ತು ಬಿಸಿ ಅದಲುಬದಲಾಗುತ್ತವೆ. ನಿಮ್ಮ ಡಬ್ಬಿಯಲ್ಲಿ 'ಹಾಟ್‌-ಕೋಲ್ಡ್' ಸ್ವಿಚ್ ಇದ್ದರೆ ಅದು ಮಾಡುವುದು ಇದನ್ನೇ. ಹೊರಡುವ ಮುಂಚೆ ಆ ಸ್ವಿಚ್ ಯಾವ ಕಡೆಗಿದೆ ಅಂತ ಒಮ್ಮೆ ನೋಡಿ. ಸಾಮಾನಿನ ನಡುವೆ ತಾಗಿ ಅದು 'ಹಾಟ್' ಕಡೆಗೆ ಸರಿದುಬಿಟ್ಟರೆ ಮೊಸರಿಗೆ ಇಡೀ ದಾರಿ ಕಾವು ಕೊಟ್ಟಂತೆ.

ಹಾಗಾಗಿ ಕೆಟ್ಟಿದೆಯಾ ಇಲ್ಲವಾ ಅಂತ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಖಾಲಿ ಡಬ್ಬಿಯನ್ನು ಅರ್ಧ ಗಂಟೆ ಚಾಲೂ ಮಾಡಿ. ಫ್ಯಾನ್ ಜಾಲರಿಯ ಹತ್ತಿರ ಕೈ ಹಿಡಿದರೆ ಬೆಚ್ಚನೆಯ ಗಾಳಿ ತಾಗಬೇಕು. ಮುಚ್ಚಳ ತೆಗೆದು ಒಳಗಿನ ತಗಡು ಮುಟ್ಟಿದರೆ ಬೆರಳಿಗೆ ಚುರುಕ್ ಅನ್ನುವಷ್ಟು ತಂಪಿರಬೇಕು. ಮಳೆಗಾಲದಲ್ಲಾದರೆ ಅದರ ಮೇಲೆ ಸಣ್ಣ ಸಣ್ಣ ಹನಿ ಕೂಡ ಕೂತಿರುತ್ತವೆ. ಎರಡೂ ಸರಿ ಇದ್ದರೆ ಬಿಲ್ಲೆ ಚೆನ್ನಾಗಿದೆ. ಫ್ಯಾನ್ ತಿರುಗುತ್ತಿದ್ದರೂ ಗಾಳಿ ಬೆಚ್ಚಗಿಲ್ಲ, ತಗಡೂ ತಣ್ಣಗಿಲ್ಲ ಅಂದರೆ ಬಿಲ್ಲೆ ಹೋಗಿದೆ, ಬಿಲ್ ಹುಡುಕಿ ವಾಪಸ್ ಕೊಡಿ. ಇನ್ನೂ ಖಾತ್ರಿ ಬೇಕಿದ್ದರೆ ಒಂದು ಲೋಟ ನೀರು ಒಳಗಿಟ್ಟು ಮೂರ್ನಾಲ್ಕು ಗಂಟೆ ಬಿಡಿ. ಆಮೇಲೆ ನೀರಿನ ಮತ್ತು ಕೋಣೆಯ ಉಷ್ಣಾಂಶ ಅಳೆಯಿರಿ. 15 ಡಿಗ್ರಿಯ ಹತ್ತಿರ ವ್ಯತ್ಯಾಸ ಬಂದರೆ ಡಬ್ಬಿ ಕೊಟ್ಟ ಮಾತು ಉಳಿಸಿಕೊಂಡಿದೆ.

ಈಗ ಡಿಕ್ಕಿಯ ವಿಷಯ. ಡಬ್ಬಿಯ ತಂಪು ಸುತ್ತಲಿನ ಗಾಳಿಯ ಲೆಕ್ಕಕ್ಕೆ ಕಟ್ಟುಬಿದ್ದಿದೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ಮಧ್ಯಾಹ್ನ 37-38 ಡಿಗ್ರಿ ಸಾಮಾನ್ಯ. ಬಿಸಿಲಲ್ಲಿ ಓಡುವ ಕಾರಿನ ಮುಚ್ಚಿದ ಡಿಕ್ಕಿಯಲ್ಲಿ 40 ದಾಟುವುದು ಕಷ್ಟವೇನಲ್ಲ. ಅದರಲ್ಲಿ 20 ಕಳೆದರೂ ಡಬ್ಬಿಯ ಒಳಗೆ 20ರ ಮೇಲೆಯೇ. ಅದು ತಂಪಲ್ಲ, ಡಿಸೆಂಬರ್‌ನ ಧಾರವಾಡದ ಬೆಳಗಿನ ಹವೆ. ಅದೇ ಡಬ್ಬಿಯನ್ನು ಹಿಂದಿನ ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ, ಎಸಿ ಗಾಳಿ ಬರುವ ಕಡೆ ಇಟ್ಟು ಕಾರಿನೊಳಗೆ 25 ಡಿಗ್ರಿ ಇದ್ದರೆ ಒಳಗೆ 5ರಿಂದ 10ರವರೆಗೆ ಇಳಿಯಬಹುದು. ಇಷ್ಟೆಲ್ಲ ಬರೆದದ್ದರಲ್ಲಿ ಒಂದೇ ಒಂದು ನೆನಪಿಡಿ ಅಂದರೆ ಇದನ್ನೇ ಹೇಳುತ್ತೇನೆ: ಡಬ್ಬಿ ಡಿಕ್ಕಿಯಲ್ಲಿ ಬೇಡ, ಜನರ ಜೊತೆ ಇರಲಿ. ಕಾಲಿಗೆ ಅಡ್ಡ ಅಂತ ಮಕ್ಕಳು ಗೊಣಗುತ್ತಾರೆ, ಗೊಣಗಲಿ. ಫ್ಯಾನ್ ಜಾಲರಿಗೆ ಮಾತ್ರ ನಾಲ್ಕು ಬೆರಳು ಜಾಗ ಬಿಡಿ. ಚೀಲ, ದುಪಟ್ಟಾ ಅದರ ಮೇಲೆ ಬಿದ್ದರೆ ಬಿಸಿ ಗಾಳಿ ಹೊರಗೆ ಹೋಗುವುದಿಲ್ಲ, ತಂಪೂ ಹುಟ್ಟುವುದಿಲ್ಲ. ಉದ್ದ, ತೆಳು ವಯರ್ ಕೂಡ ಒಳ್ಳೆಯದಲ್ಲ. 12 ವೋಲ್ಟಿನಲ್ಲಿ ವಯರ್ ಉದ್ದವಾದಷ್ಟೂ ದಾರಿಯಲ್ಲೇ ಒಂದಿಷ್ಟು ವೋಲ್ಟೇಜ್ ಸೋರುತ್ತದೆ.

ನಿಮ್ಮ ಆರು ಬಾಟಲಿಯ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ಇಂಥ ಡಬ್ಬಿ ಸುಮಾರು 48 ವ್ಯಾಟ್ ಕರೆಂಟ್ ತಿನ್ನುತ್ತದೆ ಅಂದುಕೊಳ್ಳಿ. ಪೆಲ್ಟಿಯೇ ಬಿಲ್ಲೆ ಸ್ವಲ್ಪ ದುಂದುಗಾರ. ಅಷ್ಟು ತಿಂದು ಒಳಗಿನಿಂದ ಹೊರಗೆ ಹಾಕುವ ಶಾಖ 20 ವ್ಯಾಟ್ ಆದರೆ ಅದೇ ಜಾಸ್ತಿ. ಒಂದು ಲೀಟರ್ ನೀರಿನ ಉಷ್ಣಾಂಶ ಒಂದು ಡಿಗ್ರಿ ಇಳಿಯಬೇಕಾದರೆ 4.2 ಕಿಲೋಜೂಲ್ ಶಾಖ ತೆಗೆಯಬೇಕು. ಆರು ಲೀಟರ್ ನೀರನ್ನು 32ರಿಂದ 12 ಡಿಗ್ರಿಗೆ ಇಳಿಸಲು ಸುಮಾರು 500 ಕಿಲೋಜೂಲ್. ಸೆಕೆಂಡಿಗೆ 20 ಜೂಲ್‌ನಂತೆ ತೆಗೆಯುತ್ತ ಹೋದರೆ ಏಳು ಗಂಟೆ ಹಿಡಿಯುತ್ತದೆ. ಅದೂ ಹೊರಗಿನ ಬಿಸಿ ಒಳಗೆ ನುಸುಳಲೇ ಇಲ್ಲ, ನಡುವೆ ಯಾರೂ ಮುಚ್ಚಳ ತೆಗೆಯಲೇ ಇಲ್ಲ ಅಂದುಕೊಂಡರೆ. ಹುಬ್ಬಳ್ಳಿಯಿಂದ ನವಲಗುಂದ, ನರಗುಂದ, ಕುಳಗೇರಿ ಕ್ರಾಸ್ ದಾಟಿ ಬಾದಾಮಿ ಮುಟ್ಟಲು ಎರಡು-ಎರಡೂವರೆ ಗಂಟೆ. ಅಷ್ಟರಲ್ಲಿ ನಿಮ್ಮ ನೀರು ಇಳಿಯುತ್ತಿದ್ದದ್ದು ಹೆಚ್ಚೆಂದರೆ ಏಳು ಡಿಗ್ರಿ. ಡಿಕ್ಕಿಯ ಬಿಸಿ ಅದನ್ನೂ ನುಂಗಿತು.

ಹಾಗಾದರೆ ಏನು ಮಾಡಬೇಕು? ಹಿಂದಿನ ದಿನ ಸಂಜೆಯೇ ಒಂದೊಂದು ಲೀಟರಿನ ಎರಡು ಬಾಟಲಿಗಳಿಗೆ ಮುಕ್ಕಾಲು ಭಾಗ ನೀರು ತುಂಬಿ ಫ್ರೀಜರ್‌ಗೆ ಹಾಕಿ. ಪೂರ್ತಿ ತುಂಬಬೇಡಿ, ನೀರು ಗಡ್ಡೆಯಾದಾಗ ಸುಮಾರು ಹತ್ತರಲ್ಲಿ ಒಂದು ಪಾಲು ಉಬ್ಬುತ್ತದೆ, ಬಾಟಲಿ ಸೀಳುತ್ತದೆ. ಒಂದು ಕಿಲೋ ಐಸ್ ಕರಗಿ ನೀರಾಗುವಾಗ 334 ಕಿಲೋಜೂಲ್ ಶಾಖ ಹೀರುತ್ತದೆ. ನಿಮ್ಮ ಎರಡು ಬಾಟಲಿಯ ಒಂದೂವರೆ ಕಿಲೋ ಐಸ್ ಹೀರುವುದು ಅದೇ 500 ಕಿಲೋಜೂಲ್! ಅಂದರೆ ಡಬ್ಬಿ ಏಳು ಗಂಟೆ ಗುರ್ ಅಂತ ಮಾಡುವ ಕೆಲಸವನ್ನು ಎರಡು ಐಸ್ ಬಾಟಲಿಗಳು ಸುಮ್ನೆ ಕೂತು ಮಾಡುತ್ತವೆ. ಕರಗಿದ ಮೇಲೆ ಕುಡಿಯಲೂ ಬರುತ್ತದೆ. ಉಳಿದ ಬಾಟಲಿ, ಮೊಸರು ರಾತ್ರಿಯೆಲ್ಲ ಫ್ರಿಜ್‌ನಲ್ಲಿರಲಿ. ಮನೆಯ ಕರೆಂಟಿಗೆ ಹಾಕುವ ಅಡಾಪ್ಟರ್ ಕೊಟ್ಟಿದ್ದರೆ ಹೊರಡುವ ಎರಡು ಗಂಟೆ ಮೊದಲು ಖಾಲಿ ಡಬ್ಬಿಯನ್ನು ಚಾಲೂ ಇಡಿ. ಹೊರಡುವ ಹೊತ್ತಿಗೆ ತುಂಬಿ, ಕಿಕ್ಕಿರಿದು ತುಂಬಿ. ಒಳಗೆ ಖಾಲಿ ಜಾಗ ಕಡಿಮೆ ಇದ್ದಷ್ಟೂ ಮುಚ್ಚಳ ತೆಗೆದಾಗ ನುಗ್ಗುವ ಬಿಸಿ ಗಾಳಿ ಕಡಿಮೆ. ದಾರಿಯಲ್ಲಿ ಪದೇ ಪದೇ ಕುಡಿಯುವ ನೀರನ್ನು ಬೇರೆ ಬಾಟಲಿಯಲ್ಲಿ ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ಮೊಸರು ಹುಳಿಯಾದದ್ದು ದಾರಿಯಲ್ಲಿ ಅಲ್ಲ, ಕಾರು ನಿಂತಾಗ ಅಂತ ನನ್ನ ಅನುಮಾನ. ಬಾದಾಮಿಯಲ್ಲಿ ನೀವು ಗುಹೆ ಹತ್ತಿ, ಅಗಸ್ತ್ಯ ತೀರ್ಥದ ದಂಡೆಯಲ್ಲಿ ಅಡ್ಡಾಡಿ ಬರುವಷ್ಟರಲ್ಲಿ ಎರಡು-ಮೂರು ಗಂಟೆ ಆಗಿರುತ್ತದೆ. ಕಾರು ಬಂದ್, ಎಸಿ ಬಂದ್. ಗಾಜು ಏರಿಸಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಒಂದು ಗಂಟೆಯಲ್ಲಿ 50 ಡಿಗ್ರಿ ದಾಟುತ್ತದೆ. ಇಲ್ಲೇ ಈ ಡಬ್ಬಿಯ ಇನ್ನೊಂದು ಕೊರತೆ ಗೊತ್ತಾಗುವುದು. ಕರೆಂಟ್ ನಿಂತ ಕೂಡಲೇ ಅದೇ ಬಿಲ್ಲೆ ಉಲ್ಟಾ ದಾರಿಯಾಗಿ, ಹೊರಗಿನ ಬಿಸಿಯನ್ನು ಒಳಗೆ ಬಿಡುತ್ತದೆ. ಸಾದಾ ಐಸ್ ಬಾಕ್ಸ್‌ಗೆ ಈ ಕಿಂಡಿ ಇರುವುದಿಲ್ಲ, ಗೋಡೆಯೂ ದಪ್ಪ. ಹಾಗಂತ ಕಾರು ನಿಲ್ಲಿಸಿ ಡಬ್ಬಿ ಮಾತ್ರ ಚಾಲೂ ಬಿಟ್ಟು ಹೋಗಬೇಡಿ. 48 ವ್ಯಾಟ್ ಅಂದರೆ 12 ವೋಲ್ಟಿನಲ್ಲಿ 4 ಆಂಪಿಯರ್. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್ ಅಷ್ಟೇ ಇರುತ್ತದೆ. ನಾಲ್ಕು ಗಂಟೆಯಲ್ಲಿ ಹತ್ತಿರ ಹತ್ತಿರ ಅರ್ಧ ಖಾಲಿ. ಬ್ಯಾಟರಿ ಹಳೆಯದಾಗಿದ್ದರೆ ಸೆಲ್ಫ್ ಹೊಡೆದಾಗ 'ಟಕ್ ಟಕ್' ಅಷ್ಟೇ ಕೇಳುತ್ತದೆ, ಆಮೇಲೆ ತಳ್ಳಲು ಜನ ಹುಡುಕಬೇಕು. ಕೆಲವು ಕಾರುಗಳಲ್ಲಿ ಕೀಲಿ ತೆಗೆದರೆ ಸಾಕೆಟ್ ತಾನೇ ಬಂದ್ ಆಗುತ್ತದೆ, ಕೆಲವದರಲ್ಲಿ ಆಗುವುದಿಲ್ಲ. ಪ್ಲಗ್ ಕಿತ್ತಿಡುವುದೇ ವಾಸಿ.

ಕಿತ್ತ ಮೇಲೆ ಡಬ್ಬಿಯನ್ನು ದಪ್ಪ ಚಾದರದಲ್ಲೋ ಹಳೆಯ ಕಂಬಳಿಯಲ್ಲೋ ಸುತ್ತಿ, ಕಾಲಿಡುವ ಜಾಗಕ್ಕೆ ತಳ್ಳಿ. ಫ್ಯಾನ್ ನಿಂತಿರುವಾಗ ಸುತ್ತಿದರೆ ತೊಂದರೆ ಇಲ್ಲ. ವಾಪಸ್ ಬಂದು ಪ್ಲಗ್ ಹಾಕುವ ಮುಂಚೆ ಬಿಚ್ಚಿ. ಕಾರಿಗೆ ಬೇವಿನ ಮರವೋ ಹುಣಸೆ ಮರವೋ ನೆರಳು ಕೊಟ್ಟರೆ ನೂರು ಮೀಟರ್ ಹೆಚ್ಚು ನಡೆಯಬೇಕಾದರೂ ಅಲ್ಲೇ ನಿಲ್ಲಿಸಿ.

ಏನು ಒಳಗಿಡಬೇಕು ಅನ್ನುವುದರಲ್ಲೂ ಸ್ವಲ್ಪ ಜಿಪುಣತನ ಇರಲಿ. ನಮ್ಮ ಬುತ್ತಿ ಬಿಸಿಲಿಗೆ ಹೆದರುವಂಥದ್ದಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಮಾದಲಿ, ಧಾರವಾಡ ಪೇಡಾ ಇವಕ್ಕೆಲ್ಲ ತಂಪು ಬೇಕಿಲ್ಲ. ಕಡಕ್ ರೊಟ್ಟಿಯನ್ನು ತೇವದ ಡಬ್ಬಿಯಲ್ಲಿಟ್ಟರೆ ಮೆತ್ತಗಾಗಿ ಕೆಟ್ಟೇಹೋಗುತ್ತದೆ. ಜಾಗ ಬೇಕಾಗುವುದು ಮೊಸರಿಗೆ, ಮಜ್ಜಿಗೆಗೆ, ಮೊಸರನ್ನಕ್ಕೆ, ಹೆಚ್ಚಿಟ್ಟ ಹಣ್ಣಿಗೆ, ಮಗುವಿನ ಹಾಲಿಗೆ. ಪಲ್ಯ, ಅನ್ನದಂಥ ಬೇಯಿಸಿದ ಅಡುಗೆಯನ್ನು 5ರಿಂದ 60 ಡಿಗ್ರಿಯ ನಡುವೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು ಅನ್ನುವುದು ಆಹಾರ ಸುರಕ್ಷತೆಯ ಸಾಮಾನ್ಯ ನಿಯಮ. ಈ ಡಬ್ಬಿಯನ್ನೇ ನಂಬಿಕೊಂಡರೆ ಬೇಸಿಗೆಯಲ್ಲಿ 5ರ ಕೆಳಗೆ ಹೋಗುವುದು ಕಷ್ಟ, ಅದಕ್ಕೇ ಐಸ್ ಬಾಟಲಿ ಅಂತ ಇಷ್ಟು ಒತ್ತಿ ಹೇಳಿದ್ದು. 'ಹಾಟ್' ಕಡೆ ತಿರುಗಿಸಿ ಪಲ್ಯ ಬೆಚ್ಚಗಿಡುವ ಆಸೆಯೂ ಬೇಡ. ಬಿಸಿಯೂ ಅಲ್ಲದ, ತಂಪೂ ಅಲ್ಲದ ಆ ಹದದಲ್ಲಿ ಕ್ರಿಮಿಗಳಿಗೆ ಹಬ್ಬ.

ಇನ್ನೊಂದು ಮಾತು, ಡಬ್ಬಿಗೆ ಸಂಬಂಧವಿಲ್ಲದ್ದು. ಬಾದಾಮಿಗೆ ಹೋಗುವವರು ಮೊಸರು ಹೊತ್ತುಕೊಂಡು ಹೋಗುವುದೇಕೆ ಅಂತ ನನಗೆ ಅರ್ಥವಾಗುವುದಿಲ್ಲ. ಬನಶಂಕರಿ ಗುಡಿಯ ಹತ್ತಿರ ಅಜ್ಜಿಯರು, ಅಕ್ಕಂದಿರು ಬುಟ್ಟಿಯಲ್ಲಿ ರೊಟ್ಟಿ, ಕೆಂಪು ಚಟ್ನಿ, ಪುಟ್ಟ ಮಣ್ಣಿನ ಗಡಿಗೆಯಲ್ಲಿ ಗಟ್ಟಿ ಮೊಸರು ತಂದು ಮಾರುತ್ತಾರೆ. ಅಲ್ಲೇ ಕೂತು ಊಟ ಮಾಡಿ.

ಮನೆಯ ಹಿರಿಯರ ಇನ್ಸುಲಿನ್ ಇಡಬಹುದಾ ಅಂತ ಹಲವರು ಕೇಳುತ್ತಾರೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು, ಈ ಡಬ್ಬಿ ಅದಕ್ಕೆ ಜವಾಬ್ದಾರಿ ಹೊರಲಾರದು. ಐಸ್‌ಗೆ ನೇರವಾಗಿ ತಾಗಿ ಹೆಪ್ಪುಗಟ್ಟಿದರೂ ಔಷಧ ಕೆಟ್ಟಂತೆಯೇ. ಒಂದು ದಿನದ ಪ್ರವಾಸಕ್ಕೆ ಬಳಕೆಯಲ್ಲಿರುವ ಒಂದು ಪೆನ್ ಸಾಕು. ಅದನ್ನು ಬಿಸಿಲು ತಾಗದಂತೆ ಹೆಗಲ ಚೀಲದಲ್ಲಿ ಜೊತೆಗೇ ಇಟ್ಟುಕೊಳ್ಳಿ, ನಿಂತ ಕಾರಿನಲ್ಲಿ ಯಾವತ್ತೂ ಬಿಡಬೇಡಿ. ಎಷ್ಟು ಉಷ್ಣಾಂಶದವರೆಗೆ ನಡೆಯುತ್ತದೆ ಅಂತ ಔಷಧದ ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಇರುತ್ತದೆ.

ಇನ್ನೂ ಕೊಳ್ಳದವರಿಗೆ ನನ್ನ ಸಲಹೆ ಬೇರೆ. ಲಕ್ಕುಂಡಿ, ಬಂಕಾಪುರ, ದಾಂಡೇಲಿ ಅಂತ ಬೆಳಿಗ್ಗೆ ಹೋಗಿ ಸಂಜೆ ಬರುವವರಿಗೆ ದಪ್ಪ ಗೋಡೆಯ ಸಾದಾ ಐಸ್ ಬಾಕ್ಸೇ ಸಾಕು. ವಯರ್ ಇಲ್ಲ, ಫ್ಯಾನ್ ಇಲ್ಲ, ಕೆಡುವುದಕ್ಕೆ ಏನೂ ಇಲ್ಲ. ಪ್ಲಗ್ಗಿನ ಡಬ್ಬಿ ಉಪಯೋಗಕ್ಕೆ ಬರುವುದು ಎರಡು-ಮೂರು ದಿನ ಹೊರಗಿರುವಾಗ, ಹಗಲೆಲ್ಲ ಕಾರು ಓಡುತ್ತಿದ್ದು ರಾತ್ರಿ ಲಾಡ್ಜ್‌ನಲ್ಲಿ ಸಾಕೆಟ್ ಸಿಗುವಾಗ. ಅಂಕೋಲೆಯಿಂದಲೋ ಕಾರವಾರದಿಂದಲೋ ಬರುವಾಗ ಮೀನು ತರುವ ಯೋಚನೆ ಇದ್ದರೆ ಈ ಡಬ್ಬಿಯನ್ನು ಮರೆತುಬಿಡಿ. ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಪುಡಿ ಐಸ್ ಹಾಕಿಸಿಕೊಂಡು ಬನ್ನಿ. ಆ ಐಸ್ ಮೀನಿಗೆ ಮಾತ್ರ, ಶರಬತ್ತಿಗೆ ಅಲ್ಲ. ನಿಜವಾದ ಫ್ರಿಜ್ಜೇ ಬೇಕು ಅನ್ನುವವರಿಗೆ ಕಂಪ್ರೆಸರ್ ಇರುವ ಕಾರಿನ ಫ್ರಿಜ್ ಸಿಗುತ್ತದೆ, ಬೆಲೆ ಮಾತ್ರ ಇದರ ಹಲವು ಪಟ್ಟು.

ನೀವಂತೂ ಕೊಂಡಾಗಿದೆ. ಕಾಲಿಡುವ ಜಾಗದಲ್ಲಿ ಇಟ್ಟು, ಐಸ್ ಬಾಟಲಿ ಹಾಕಿ ಬಳಸಿ. ನವಲಗುಂದದ ಕಡೆಯ ಎರೆ ಮಣ್ಣಿನ ಧೂಳು ಫ್ಯಾನ್ ಜಾಲರಿಯಲ್ಲಿ ಬೇಗ ಕೂರುತ್ತದೆ, ಮನೆಗೆ ಬಂದ ಮೇಲೆ ಹಳೆಯ ಟೂತ್‌ಬ್ರಶ್‌ನಿಂದ ಉಜ್ಜಿ ತೆಗೆಯಿರಿ. ಒಳಗೆ ಒಣ ಬಟ್ಟೆಯಲ್ಲಿ ಒರೆಸಿ, ಮುಚ್ಚಳ ಸ್ವಲ್ಪ ತೆರೆದೇ ಇಡಿ, ಮುಗ್ಗಲು ವಾಸನೆ ಹಿಡಿಯುವುದಿಲ್ಲ.