ಸರಿಸಿದ ನಾಣ್ಯ ವಾಪಸ್ ಬರಬೇಕು

ಗಾಲ್ಫ್‌ನಲ್ಲಿ ಗ್ರೀನ್ ಮೇಲೆ, ಅಂದರೆ ಹೋಲ್ ಸುತ್ತಲಿನ ನುಣುಪಾದ ಹುಲ್ಲಿನ ಮೇಲೆ, ಜಾಗದ ಗುರುತಿಗೆ ಚೆಂಡಿನ ಹಿಂದೆ ನಾಣ್ಯ ಇಡುವುದು, ಚೆಂಡು ಎತ್ತಿ ಒರೆಸುವುದು ಎಲ್ಲರಿಗೂ ಬರುತ್ತದೆ. ನನ್ನ ತಾಳ್ಮೆ ಕೆಡಿಸುವುದು ಅದರ ಮುಂದಿನ ಕೆಲಸ. ನಿಮ್ಮ ನಾಣ್ಯ ಜೊತೆಗಾರರ ಲೈನ್‌ಗೆ, ಅಂದರೆ ಅವರ ಚೆಂಡು ಉರುಳುವ ದಾರಿಗೆ, ಅಡ್ಡ ಇದೆ. "ಸ್ವಲ್ಪ ಸರಿಸ್ತೀರಾ ಸರ್?" ಅಂತ ಕೇಳುತ್ತಾರೆ. ನೀವು ಪಟ್ಟರ್‌ನ (ಗ್ರೀನ್ ಮೇಲೆ ಚೆಂಡು ಉರುಳಿಸುವ ಕೋಲು) ತಲೆಯಷ್ಟು ಪಕ್ಕಕ್ಕೆ ಇಡುತ್ತೀರಿ. ಅವರ ಪಟ್, ಅಂದರೆ ಆ ಹೊಡೆತ, ಮುಗಿಯುತ್ತದೆ. ನಿಮ್ಮ ಸರದಿ ಬಂದಾಗ ಸರಿಸಿದ ಜಾಗದಿಂದಲೇ ಹೊಡೆದುಬಿಡುತ್ತೀರಿ!

ಬೆಂಗಳೂರಿನಲ್ಲಿ ಇಷ್ಟು ವರ್ಷದಿಂದ ಗಾಲ್ಫ್ ಕಲಿಸುತ್ತಿದ್ದೇನೆ. ಈ ತಪ್ಪು ಮಾತ್ರ ಕಡಿಮೆಯಾಗಿಲ್ಲ. "ನಾಲ್ಕು ಇಂಚು ತಾನೆ ಕೋಚ್, ಹೋಲ್‌ಗೆ ಹತ್ತಿರ ಏನೂ ಬಂದಿಲ್ವಲ್ಲ" ಅನ್ನುತ್ತಾರೆ. ಹತ್ತಿರವೋ ದೂರವೋ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಚೆಂಡು ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಆಡಬೇಕು. ಬೇರೆ ಜಾಗದಿಂದ ಆಡಿದರೆ, ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇನಲ್ಲಿ 2 ಸ್ಟ್ರೋಕ್ (ಹೊಡೆತ) ದಂಡ. ಒಂದೊಂದು ಹೋಲ್ ಗೆಲ್ಲುತ್ತಾ ಹೋಗುವ ಮ್ಯಾಚ್ ಪ್ಲೇನಲ್ಲಿ ಆ ಹೋಲೇ ಕೈಬಿಟ್ಟಿತು.

ದೊಡ್ಡವರಿಗೂ ಇದು ಆಗಿದೆ. 1957ರಲ್ಲಿ ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರೂಸ್‌ನಲ್ಲಿ ಬ್ರಿಟಿಷ್ ಓಪನ್ ಪಂದ್ಯಾವಳಿ, ಕೊನೆಯ ಗ್ರೀನ್. ಜೊತೆಗೆ ಆಡುತ್ತಿದ್ದ ಬ್ರೂಸ್ ಕ್ರಾಂಪ್ಟನ್‌ಗೆ ದಾರಿ ಬಿಡಲು ದಕ್ಷಿಣ ಆಫ್ರಿಕಾದ ಆಟಗಾರ ಬಾಬಿ ಲಾಕ್ ತಮ್ಮ ಚೆಂಡಿನ ಗುರುತು ಸರಿಸಿದರು. ವಾಪಸ್ ಇಡುವುದು ಮರೆತು ಪಟ್ ಮಾಡಿ, ಓಪನ್ ಗೆದ್ದರು. ತಪ್ಪು ಗೊತ್ತಾಗಿದ್ದು ಆಮೇಲೆ, ಫಿಲ್ಮ್ ನೋಡಿದಾಗ. ಅವರು 3 ಸ್ಟ್ರೋಕ್ ಮುಂದಿದ್ದರು, ಆ ತಪ್ಪಿನಿಂದ ಲಾಭವೂ ಆಗಿರಲಿಲ್ಲ. ಹಾಗಾಗಿ ಸಮಿತಿ ಫಲಿತಾಂಶ ಬದಲಿಸಲಿಲ್ಲ. ಆ ಉದಾರತೆ ನಿಮ್ಮ ಭಾನುವಾರದ ಆಟಕ್ಕೂ ಸಿಗುತ್ತದೆ ಅಂದುಕೊಳ್ಳಬೇಡಿ.

ಸರಿಸುವ ಕ್ರಮ ನಿಧಾನವಾಗಿ ಹೇಳುತ್ತೇನೆ. ದೂರದಲ್ಲಿ ಅಲುಗಾಡದ ಒಂದು ಗುರುತು ನೋಡಿಕೊಳ್ಳಿ, ಮರವೋ ಕಂಬವೋ. ಪಟ್ಟರ್ ತಲೆಯ ಒಂದು ತುದಿ ನಾಣ್ಯಕ್ಕೆ ತಾಗಿರಲಿ, ಇನ್ನೊಂದು ತುದಿ ಆ ಮರದ ಕಡೆಗಿರಲಿ. ಈಗ ನಾಣ್ಯ ಎತ್ತಿ ಆ ಇನ್ನೊಂದು ತುದಿಗೆ ಇಡಿ. ವಾಪಸ್ ಬರುವಾಗಲೂ ಅದೇ ಮರ, ಅದೇ ಅಳತೆ, ಆದರೆ ಉಲ್ಟಾ. ಮೊದಲು ನಾಣ್ಯ ಹಳೆಯ ಜಾಗಕ್ಕೆ ಬರಬೇಕು, ಆಮೇಲೆ ಚೆಂಡು. ಕೊನೆಗೆ ನಾಣ್ಯ ಎತ್ತಿ. ಎತ್ತದೆ ಹೊಡೆದರೆ ಅದಕ್ಕೂ 1 ಸ್ಟ್ರೋಕ್ ದಂಡ ಇದೆ.

ಹೊಡೆಯುವ ಮೊದಲು ನೆನಪಾದರೆ ಚೆಂಡು ಎತ್ತಿ ಸರಿಯಾದ ಜಾಗಕ್ಕೆ ಇಟ್ಟರೆ ಸಾಕು, ದಂಡ ಇಲ್ಲ. ಹೊಡೆದ ಮೇಲೆ ನೆನಪಾದರೆ? ಗಾಬರಿಯಾಗಿ ಮತ್ತೆ ಹಳೆಯ ಜಾಗಕ್ಕೆ ಹೋಗಿ ಆಡುತ್ತಾರೆ. ಬೇಡ. ನಾಲ್ಕು ಇಂಚಿನ ತಪ್ಪಿಗೆ ಸ್ಟ್ರೋಕ್ ಪ್ಲೇನಲ್ಲಿ ಅದೇ ಚೆಂಡಿನಿಂದ ಹೋಲ್ ಮುಗಿಸಿ, 2 ಸೇರಿಸಿಕೊಳ್ಳಿ. ಅನುಮಾನ ಇದ್ದರೆ ಕಾರ್ಡ್‌ಗೆ ಸಹಿ ಹಾಕುವ ಮೊದಲು ಸಮಿತಿಯವರನ್ನು ಕೇಳಿ. ನಾನು ಕೋಚ್ ಅಷ್ಟೇ, ತೀರ್ಪು ಅವರದು.

ನನ್ನ ಹತ್ತಿರ ಕಲಿಯುವ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿದ್ದಾರೆ. ಅವರಷ್ಟು ಪ್ರಾಮಾಣಿಕರು ಅಪರೂಪ. ತಿಂಗಳಿಗೊಮ್ಮೆ ನಡೆಯುವ ಒಂದು ಪಂದ್ಯದಲ್ಲಿ ಚೆನ್ನಾಗಿ ಆಡುತ್ತಿದ್ದರು. ಹದಿನೇಳನೆಯ ಗ್ರೀನ್‌ನಲ್ಲಿ ಇದೇ ತಪ್ಪು ಆಯಿತು. ಅವರು ಚೆಂಡು ಇಡುವಾಗಲೇ ಜೊತೆಗಾರರಿಬ್ಬರೂ ನೋಡಿದರು, ಅವರ ಬ್ಯಾಗ್ ಹೊರುವ ಕ್ಯಾಡಿ ಹುಡುಗನೂ ನೋಡಿದ. ಯಾರೂ ಬಾಯಿ ಬಿಡಲಿಲ್ಲ. ಹೇಳಿದರೆ ಸಲಹೆ ಕೊಟ್ಟಂತಾಗಿ ತಮಗೇ ದಂಡ ಬೀಳುತ್ತದೆ ಅಂತ ಜೊತೆಗಾರರಿಗೆ ಭಯ. ಹುಡುಗನಿಗೆ ಸಂಕೋಚ. ಸ್ಕೋರ್ ಬರೆಯುವ ಹೊತ್ತಿಗೆ ಒಬ್ಬರು ಬಾಯಿಬಿಟ್ಟರು. ಇವರು ತಾವಾಗಿಯೇ 2 ಸೇರಿಸಿ ಸಹಿ ಹಾಕಿದರು. ಬಹುಮಾನ ಒಂದು ಸ್ಟ್ರೋಕ್‌ನಲ್ಲಿ ತಪ್ಪಿತು.

ದಯವಿಟ್ಟು ಕೇಳಿ. ಯಾವ ಕ್ಲಬ್ (ಹೊಡೆಯುವ ಕೋಲು) ತಗೊಳ್ಳಲಿ, ಹೇಗೆ ಹೊಡೆಯಲಿ ಅನ್ನುವುದಕ್ಕೆ ಉತ್ತರ ಕೊಟ್ಟರೆ ಅದು ಸಲಹೆ. ನಿಯಮ ಏನು ಅಂತ ಹೇಳುವುದು ಸಲಹೆ ಅಲ್ಲ. ಎದುರಾಳಿಗೂ ಧಾರಾಳವಾಗಿ ಹೇಳಬಹುದು. ಸುಮ್ನೆ ನಿಂತು ಒಬ್ಬರ ಒಳ್ಳೆಯ ದಿನ ಹಾಳಾಗುವುದನ್ನು ಯಾಕೆ ನೋಡಬೇಕು?

ಆಮೇಲೆ ನಾನು ಅವರಿಗೆ ಒಂದು ಅಭ್ಯಾಸ ಹೇಳಿಕೊಟ್ಟೆ. ರೂಪಾಯಿ ನಾಣ್ಯವನ್ನು ಯಾವಾಗಲೂ ಅಂಕಿ ಮೇಲೆ ಬರುವಂತೆ ಇಡಿ. ಸರಿಸಬೇಕಾದಾಗ ಮಾತ್ರ ಮಗುಚಿ, ಸಿಂಹದ ಮುಖ ಮೇಲಿರಲಿ. ಚೆಂಡು ಇಡಲು ಬಗ್ಗಿದಾಗ ಸಿಂಹ ಕಂಡರೆ, ಕೆಲಸ ಬಾಕಿ ಇದೆ ಅಂತ. ಈಗ ಅವರ ಕ್ಯಾಡಿಗೂ ಅದು ರೂಢಿಯಾಗಿದೆ. ಅವರು ಮರೆತು ಚೆಂಡಿಗೆ ಕೈ ಹಾಕಿದರೆ ಸಾಕು, ಮೆಲ್ಲಗೆ ಹೇಳುತ್ತಾನೆ: "ಸಾರ್, ಸಿಂಹ."